ನೀರು ಕುಡಿದ ಜಾಗ

ಮಾತಾಡಿ ದೊಡ್ಡವರಾದವರ ಕತೆಗಳು ಬೇಕಾದಷ್ಟಿವೆ. ಅಂಥವರ ಎದುರು ಮೂಲೆಯ ಸಣ್ಣ ಮೇಜಿನಲ್ಲಿ ಕೂತು, ಅವರು ಆಡಿದ್ದನ್ನೆಲ್ಲ ಬರೆದುಕೊಂಡ ಹೆಂಗಸೊಬ್ಬಳ ಕತೆ ಇದು. ಸ್ವಲ್ಪ ಹತ್ತಿರ ಬಂದು ಕೂತು ಕೇಳಬೇಕು, ಯಾಕೆಂದರೆ ಇಪ್ಪತ್ತಾರು ವರ್ಷ ಅವಳು ಆ ಕೋಣೆಯಲ್ಲಿ ತುಟಿ ಬಿಚ್ಚಿದವಳಲ್ಲ.

ಸಂಸತ್ತಿನ ಕಟ್ಟಡದಲ್ಲಿ ಅವಳಿಗೆ ಪೆನ್ಸಿಲಕ್ಕ ಅಂತಲೇ ಹೆಸರು. ತುರುಬಿಗೆ ಸಿಕ್ಕಿಸಿಕೊಂಡ ನಾಲ್ಕು ಚೂಪು ಪೆನ್ಸಿಲು, ನಡುಬೆರಳಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ದಪ್ಪ ಗಂಟು, ಮುಖದಲ್ಲಿ ಏನನ್ನೂ ಕೇಳಿಸಿಕೊಳ್ಳದವಳ ಹಾಗೆ ಒಂದು ಭಾವ. ವಿದೇಶ ವ್ಯವಹಾರಗಳ ಸಮಿತಿಗೆ ಅವಳು ಶೀಘ್ರಲಿಪಿಗಾರ್ತಿ. ನಡಾವಳಿ ಬರೆಯುವುದು ಅವಳ ಕೆಲಸ.

ಆ ಸಮಿತಿ ಇರುವುದೇ ಸರ್ಕಾರವನ್ನು ಕೂರಿಸಿ ಕೇಳುವುದಕ್ಕೆ. ಬೇರೆ ದೇಶದವರ ಹತ್ತಿರ ಏನು ಮಾತಾಡಿದಿರಿ, ಏನು ಕೊಟ್ಟಿರಿ, ಏನು ಬಿಟ್ಟಿರಿ ಅಂತ. ಎಲ್ಲ ಪಕ್ಷದವರೂ ಸೇರಿ ಹದಿಮೂರು ಜನ ಸದಸ್ಯರು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ಮುಚ್ಚಿಕೊಂಡು ಕೂರುತ್ತಾರೆ. ಅಧಿಕಾರಿಗಳನ್ನು ಕರೆಸಬಹುದು, ಕಾಗದ ತರಿಸಬಹುದು, ಬೇಕಾದ್ದು ಕೇಳಬಹುದು. ಕೊನೆಗೊಂದು ವರದಿ ಬರೆಯಬಹುದು. ಇಲಾಖೆಯವರು ಆ ವರದಿಗೆ ‘ಗಮನಿಸಲಾಗಿದೆ’ ಅಂತ ಉತ್ತರ ಕಳಿಸುತ್ತಾರೆ. ಆ ಉತ್ತರವನ್ನು ಸಮಿತಿ ಗಮನಿಸುತ್ತದೆ. ಹೀಗೆ ಒಬ್ಬರನ್ನೊಬ್ಬರು ಗಮನಿಸಿಕೊಳ್ಳುತ್ತ ವರ್ಷ ಕಳೆದುಹೋಗುತ್ತದೆ.

ಅಧ್ಯಕ್ಷರು ರಾಜಕೀಯಕ್ಕೆ ಬರುವ ಮುಂಚೆ ಹಲ್ಲಿನ ಡಾಕ್ಟರು. “ಕುರ್ಚೀಲಿ ಕೂತೋರ ಬಾಯಿ ಬಿಡಿಸೋದು ನನಗೇನು ಹೊಸದಲ್ಲ” ಅಂತ ಮೊದಲ ದಿನವೇ ಎಲ್ಲರನ್ನೂ ನಗಿಸಿದ್ದರು. ಆಮೇಲೆ ಗೊತ್ತಾಯಿತು, ವಿದೇಶಾಂಗದ ಅಧಿಕಾರಿಗಳು ಕೇಳುವ ಮೊದಲೇ ಬಾಯಿ ತೆರೆಯುತ್ತಾರೆ, ತೆರೆದ ಬಾಯಿಯೊಳಗೆ ಹಿಡಿದೆಳೆಯುವುದಕ್ಕೆ ಒಂದು ಹಲ್ಲೂ ಸಿಗುವುದಿಲ್ಲ ಅಂತ.

ಆ ಕೋಣೆಯಲ್ಲಿ ಧ್ವನಿ ಹಿಡಿಯುವ ಯಂತ್ರ ಇಡುವ ಹಾಗಿರಲಿಲ್ಲ. ಗುಟ್ಟಿನ ಸಭೆ, ಯಂತ್ರ ಯಾರ ಕೈಗೆ ಸಿಕ್ಕರೂ ಒದರಿಬಿಡುತ್ತದೆ ಅಂತ ಹಳೆಯ ಭಯ. ಅದಕ್ಕೇ ಇಬ್ಬರು ಮನುಷ್ಯರು. ಹದಿನೈದು ನಿಮಿಷ ಪೆನ್ಸಿಲಕ್ಕ ಬರೆದರೆ ಮುಂದಿನ ಹದಿನೈದು ನಿಮಿಷ ಅವಳ ಜೊತೆಯವನು. ಹನ್ನೆರಡು ವರ್ಷದಿಂದ ಪಕ್ಕದಲ್ಲೇ ಕೂತು ಬರೆದವನಾದ್ದರಿಂದ ಅವನನ್ನು ಎಲ್ಲರೂ ‘ಜೋಡಿ’ ಅಂತಲೇ ಕರೆಯುತ್ತಿದ್ದರು. ಸಾಧು ಮನುಷ್ಯ. ಮನೆಯಿಂದ ತಂದ ಡಬ್ಬಿಯಲ್ಲಿ ಅರ್ಧ ಅವಳಿಗೆ ಎತ್ತಿಡುತ್ತಿದ್ದ.

ಸಭೆಯಲ್ಲಿ ಕೈ ಎಲ್ಲವನ್ನೂ ಹಿಡಿಯಬೇಕು: ಉಗ್ಗಿದ್ದು, ತಡವರಿಸಿದ್ದು, ಒಂದು ಮಾತು ಶುರುಮಾಡಿ ಬಿಟ್ಟು ಇನ್ನೊಂದು ಹಿಡಿದದ್ದು. ಆಡಿದವರು ನಿಂತು ಕೆಮ್ಮಿದರೆ, ನೀರು ಕುಡಿದರೆ, ಪೆನ್ಸಿಲಕ್ಕ ಅಲ್ಲೊಂದು ಸಣ್ಣ ಸೊನ್ನೆ ಸುತ್ತುತ್ತಿದ್ದಳು. ಅದು ಅವಳದೇ ಗುರುತು. ಮರುದಿನ ಟೈಪು ಮಾಡುವಾಗ ಸೊನ್ನೆಗಳೆಲ್ಲ ಬಿದ್ದುಹೋಗುತ್ತಿದ್ದವು. ಸೊನ್ನೆಯ ಹಿಂದೆ ಅರ್ಧಕ್ಕೆ ನಿಂತ ಮಾತೂ ಬಿದ್ದುಹೋಗುತ್ತಿತ್ತು. ಅವಳಿಗೆ ಕೆಲಸ ಕಲಿಸಿದ ಮುದುಕರು ಮೊದಲ ದಿನವೇ ಹೇಳಿಕೊಟ್ಟಿದ್ದು ಅದು. “ನೋಡಮ್ಮಾ, ಅವರು ಪೂರ್ತಿ ಮಾಡಿದ ಮಾತಲ್ಲಿ ಒಂದಕ್ಷರ ಕದೀಬೇಡ. ಅವರೇ ಅರ್ಧಕ್ಕೆ ಬಿಟ್ಟು ಹೋದದ್ದನ್ನ ಹೆಕ್ಕಿ ತಂದು ಬಾಯಿಗೆ ತುರುಕಲೂ ಬೇಡ. ಬಿಟ್ಟದ್ದು ಬಿಟ್ಟದ್ದೇ.” ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮಂತ್ರಿಗಳ ಎಷ್ಟು ಅರ್ಧ ಮಾತುಗಳನ್ನು ಹಾಗೆ ಗುಡಿಸಿ ಹಾಕಿದ್ದಳೋ. ನಡಾವಳಿ ಓದಿದ ಸದಸ್ಯರು, “ಅಬ್ಬಾ, ನಾನು ಇಷ್ಟು ಚೆನ್ನಾಗಿ ಮಾತಾಡಿದ್ನಾ ಪೆನ್ಸಿಲಕ್ಕ?” ಅಂತ ಕೇಳಿದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಅದೊಂದೇ ಅವಳ ಹೆಮ್ಮೆ.

ಇನ್ನು ಮನೆ. ಗಡಿಯಾರ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಅಲ್ಲಿ ಪೆನ್ಸಿಲಕ್ಕ, ಅವಳ ತಮ್ಮ, ತಮ್ಮನ ಹೆಂಡತಿ. ತಾಯಿ ಸತ್ತಾಗ ತಮ್ಮನಿಗೆ ಆರು ವರ್ಷ, ಇವಳಿಗೆ ಹತ್ತೊಂಬತ್ತು. ಇವಳೇ ಸಾಕಿದಳು, ಓದಿಸಿದಳು, ಹಟ ಮಾಡಿದಾಗ ಬೈದಳು, ಹಡಗಿಗೆ ಸೇರುತ್ತೇನೆ ಅಂದಾಗ ಮೂರು ದಿನ ಮಾತು ಬಿಟ್ಟು ನಾಲ್ಕನೆಯ ದಿನ ಅವನ ಪೆಟ್ಟಿಗೆಗೆ ಬಟ್ಟೆ ಮಡಚಿಟ್ಟಳು. ಅವನು ಸರಕು ಹಡಗಿನಲ್ಲಿ ಇಂಜಿನ್ ಮನೆಯ ಕೆಲಸಗಾರ. ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ತಮ್ಮನ ಹೆಂಡತಿ ಮನೆಯಲ್ಲೇ ಕೂತು ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಅಂಚು ಹೊಲಿಯುತ್ತಿದ್ದಳು. ಬಾಯಿ ಸ್ವಲ್ಪ ಖಾರ, ಕೈ ಚುರುಕು.

ಒಂದು ಸಲ ಹಡಗಿನ ಇಂಜಿನ್ ಕೈಕೊಟ್ಟಿತು. ಗಾಳಿ ಎಳೆದುಕೊಂಡು ಹೋಗಿ ಪಕ್ಕದ ದೇಶದ ನೀರಿಗೆ ಹಾಕಿತು. ಆ ದೇಶದ ಕಾವಲು ದೋಣಿಗಳು ಬಂದು ಹಡಗನ್ನೂ ಹದಿನೇಳು ಜನರನ್ನೂ ಹಿಡಿದುಕೊಂಡು ಹೋದವು. ಎರಡು ದೇಶಗಳಿಗೂ ಸಮುದ್ರದ ಗಡಿಯ ಜಗಳ ಮೊದಲಿನಿಂದಲೂ ಇತ್ತು. ಹದಿನೇಳು ಜನರಲ್ಲಿ ಪೆನ್ಸಿಲಕ್ಕನ ತಮ್ಮನೂ ಒಬ್ಬ.

ಅಲ್ಲಿಂದ ಆ ಎರಡು ಕೋಣೆಗಳಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಅವನು ಯಾವಾಗ ಬರುತ್ತಾನೆ?

ಮೂರನೆಯ ತಿಂಗಳು ಸಮಿತಿ ಈ ವಿಷಯವನ್ನು ಕೈಗೆತ್ತಿಕೊಂಡಿತು. ನಿಯಮದ ಪ್ರಕಾರ ಪೆನ್ಸಿಲಕ್ಕ ಹೋಗಿ, ‘ಹಿಡಿದವರಲ್ಲಿ ನನ್ನ ತಮ್ಮನಿದ್ದಾನೆ’ ಅಂತ ಹೇಳಬೇಕಿತ್ತು. ಹೇಳಿದ್ದರೆ ಆ ವಿಷಯ ಮುಗಿಯುವ ತನಕ ಅವಳನ್ನು ಹೊರಗೆ ಕೂರಿಸುತ್ತಿದ್ದರು. ಅವಳು ಹೇಳಲಿಲ್ಲ. ಅವಳಿಗೆ ಕಿವಿಯಾರೆ ಕೇಳಬೇಕಿತ್ತು. ಜೋಡಿಗೊಬ್ಬನಿಗೆ ಮಾತ್ರ ಗೊತ್ತಿತ್ತು. “ನಾನು ಕೇಳಿಸ್ಕೊಂಡೇ ಇಲ್ಲ ಬಿಡಕ್ಕ” ಅಂದಿದ್ದ ಅವನು.

ಆ ಬುಧವಾರ ಸಾಕ್ಷ್ಯ ಹೇಳುವುದಕ್ಕೆ ಬಂದವರು ವಿದೇಶಾಂಗ ಇಲಾಖೆಯ ಕಾರ್ಯದರ್ಶಿ. ಎಲ್ಲರೂ ದೊಡ್ಡ ಸಾಹೇಬರು ಅನ್ನುತ್ತಿದ್ದವರು. ಇಸ್ತ್ರಿ ಮುರಿಯದ ಅಂಗಿ, ಇಸ್ತ್ರಿ ಮುರಿಯದ ಮಾತು. ಎದುರು ಕೂತು ಕೆಣಕಿದವರು ಒಬ್ಬರೇ, ಹೈಸ್ಕೂಲು ಮೇಷ್ಟ್ರಾಗಿದ್ದು ಸದಸ್ಯರಾದವರು. ಅವರಿಗೆ ಕಿವಿ ಸ್ವಲ್ಪ ಮಂದ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬರುತ್ತಿದ್ದರು, ಅದು ನಡುನಡುವೆ ಕುಯ್ಯಿ ಅನ್ನುತ್ತಿತ್ತು.

“ಹದಿನೇಳು ಜನ ಸಾರ್, ಮೂರು ತಿಂಗಳಾಯ್ತು. ಆ ಕಡೆಯವರು ಏನು ಕೇಳ್ತಿದ್ದಾರೆ? ನೀವು ಏನು ಹೇಳಿದ್ರಿ? ನೇರವಾಗಿ ಹೇಳಿ. ಇದು ಗುಟ್ಟಿನ ಕೋಣೆ, ಹೊರಗೆ ಹೋಗಲ್ಲ.”

“ಸರ್ಕಾರ ಎಲ್ಲ ಮಟ್ಟದಲ್ಲೂ ಪ್ರಯತ್ನ ಮಾಡ್ತಿದೆ.”

“ಮಟ್ಟ ಎಲ್ಲ ನನಗೆ ಬೇಡ ಸಾರ್. ನಾನು ಲೆಕ್ಕದ ಮೇಷ್ಟ್ರು, ನಡುವಿನ ಹಂತ ಬರೀದೇ ಉತ್ತರ ಬರೆದರೆ ಸೊನ್ನೆ ಕೊಡ್ತಿದ್ದೆ.”

ಸದಸ್ಯರು ನಕ್ಕರು. ಸಾಹೇಬರೂ ನಕ್ಕರು. ನಗುತ್ತ ಮೈ ಸ್ವಲ್ಪ ಸಡಿಲಬಿಟ್ಟರು ಅಂತ ಕಾಣುತ್ತದೆ. “ನೋಡಿ ಮೇಷ್ಟ್ರೇ, ಪರಿಸ್ಥಿತಿ ಅಷ್ಟು ಸುಲಭ ಇಲ್ಲ. ಅವರು ಮೊದಲ ತಿಂಗಳಲ್ಲೇ ಕಳಿಸಿಕೊಡ್ತೀವಿ ಅಂದಾಗ ನಾವೇ ಸ್ವಲ್ಪ...”

ನಿಂತರು. ಲೋಟ ಎತ್ತಿ ನೀರು ಕುಡಿದರು. ಲೋಟವನ್ನು ಅದರ ತಟ್ಟೆಯ ಮೇಲೆ ಸರಿಯಾಗಿ ಕೂರಿಸಿದರು. “ಏನು ಹೇಳ್ತಿದ್ದೆ ಅಂದ್ರೆ, ಮಾತುಕತೆ ಪ್ರಗತಿಯಲ್ಲಿದೆ.”

ಮೇಷ್ಟ್ರ ಕಿವಿಯ ಯಂತ್ರ ಕುಯ್ಯಿ ಅಂದಿತು. ಅವರು ಅದನ್ನು ಕಿತ್ತು, ತಟ್ಟಿ, ಮತ್ತೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಅಧ್ಯಕ್ಷರು ಮುಂದಿನ ಪ್ರಶ್ನೆ ಯಾರದು ಅಂತ ಕೇಳಿದ್ದರು. ಬರೆಯುತ್ತಿದ್ದ ಸರದಿ ಪೆನ್ಸಿಲಕ್ಕನದು. ಅವಳ ಕೈ ನಿಲ್ಲಲಿಲ್ಲ. ಪೂರ್ತಿ ಬರೆಯಿತು. ಅರ್ಧ ಮಾತಿನ ಮುಂದೆ ಒಂದು ಸಣ್ಣ ಸೊನ್ನೆ ಸುತ್ತಿತು.

ಮನೆಗೆ ಬಂದಾಗ ಹೊಲಿಗೆ ಯಂತ್ರ ನಿಂತಿತು. “ಏನಂದ್ರು ಅತ್ತಿಗೆ?”

“ನಾನು ಹೇಳೋ ಹಾಗಿಲ್ಲ, ನಿನಗೆ ಗೊತ್ತಲ್ಲ.”

“ಒಳ್ಳೇದಾ ಕೆಟ್ಟದ್ದಾ, ಅಷ್ಟಾದ್ರೂ? ತಲೆ ಅಲ್ಲಾಡಿಸಿ ಸಾಕು. ಅದಕ್ಕೂ ಪ್ರಮಾಣ ಮಾಡಿದೀರಾ?”

ಪೆನ್ಸಿಲಕ್ಕ ತಲೆ ಅಲ್ಲಾಡಿಸಲಿಲ್ಲ. ತುರುಬಿನಿಂದ ಒಂದೊಂದೇ ಪೆನ್ಸಿಲು ತೆಗೆದು ಗೂಡಿನಲ್ಲಿಟ್ಟಳು. ಹೊಲಿಗೆ ಯಂತ್ರ ಮತ್ತೆ ಶುರುವಾಯಿತು, ಈ ಸಲ ಬೇಕೆಂತಲೇ ಜೋರಾಗಿ.

ಮರುದಿನ ಬೆಳಿಗ್ಗೆ ಟೈಪು ಕೋಣೆ. ಉದ್ದನೆಯ ಕೋಣೆ, ಆರು ಮೇಜು, ಕಿಟಕಿಯ ಕಡೆಯದು ಅವಳದು. ನೋಟ್‌ಬುಕ್ಕು ಎಡಗಡೆ ನಿಲ್ಲಿಸಿಕೊಂಡು ಟೈಪು ಮಾಡುತ್ತ ಬಂದಳು. ಆ ಸೊನ್ನೆಯ ಹತ್ತಿರ ಬಂದು ಕೈ ನಿಂತಿತು.

ಅವರು ಮೊದಲ ತಿಂಗಳಲ್ಲೇ ಕಳಿಸಿಕೊಡ್ತೀವಿ ಅಂದಾಗ ನಾವೇ ಸ್ವಲ್ಪ.

ಇದನ್ನು ಟೈಪು ಮಾಡಬೇಕೋ ಬಿಡಬೇಕೋ? ಅವಳ ಹೊಟ್ಟೆಯೊಳಗಿನ ಬೆಂಕಿ ಮಾಡು ಮಾಡು ಅಂದಿತು. ಆ ಬೆಂಕಿಯೇ ಅವಳನ್ನು ಹೆದರಿಸಿತು. ಇದು ಯಾರದೋ ಊರಿನ ಯಾರದೋ ತಮ್ಮನ ವಿಷಯವಾಗಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ತನ್ನನ್ನೇ ಕೇಳಿಕೊಂಡಳು. ಎರಡನೆಯ ಸಲ ನೋಡದೆ ಬಿಡುತ್ತಿದ್ದೆ. ಸಾಹೇಬರೇ ಬಿಟ್ಟ ಮಾತು. ಹಾಗಾದರೆ ಈಗ ಇಟ್ಟುಕೊಂಡರೆ, ಇಡುತ್ತಿರುವುದು ನಡಾವಳಿ ಬರೆಯುವವಳಲ್ಲ, ತಮ್ಮನ ಅಕ್ಕ. ಈಗಾಗಲೇ ಬಾಯಿ ಮುಚ್ಚಿಕೊಂಡು ಕೋಣೆಯೊಳಗೆ ಕೂತು ಒಂದು ತಪ್ಪು ಮಾಡಿದ್ದಾಗಿದೆ. ಕೈಯಲ್ಲಾದರೂ ತಪ್ಪು ಬೇಡ.

ಬಿಟ್ಟಳು. ‘ನೋಡಿ, ಪರಿಸ್ಥಿತಿ ಸುಲಭವಾಗಿಲ್ಲ. ಮಾತುಕತೆ ಪ್ರಗತಿಯಲ್ಲಿದೆ’ ಅಂತ ಟೈಪು ಮಾಡಿದಳು. ನಡುವೆ ಕೂದಲೆಳೆಯಷ್ಟೂ ಬಿರುಕು ಕಾಣದ ಹಾಗೆ ಕೂಡಿಸಿದಳು. ಅಷ್ಟು ಚೆನ್ನಾಗಿ ಅವಳು ಯಾವತ್ತೂ ಕೂಡಿಸಿರಲಿಲ್ಲ.

ಇನ್ನೊಂದು ಪದ್ಧತಿಯಿತ್ತು. ಟೈಪಾದ ಹಾಳೆಗಳು ಸಾಕ್ಷ್ಯ ಹೇಳಿದವರ ಕಚೇರಿಗೆ ಹೋಗುತ್ತವೆ. ತಪ್ಪಿದ್ದರೆ ಅವರು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತಾರೆ. ತಿದ್ದಿದ ಹಾಳೆ ಕಡತದಲ್ಲಿ ಉಳಿಯುತ್ತದೆ. ಸಾಹೇಬರ ಕಚೇರಿಯಿಂದ ಆ ಹಾಳೆ ಒಂದು ಚುಕ್ಕಿಯೂ ಇಲ್ಲದೆ ವಾಪಸು ಬಂತು. ಮೇಲ್ಗಡೆ, ‘ಉತ್ತಮವಾಗಿ ದಾಖಲಿಸಲಾಗಿದೆ’ ಅಂತ ಒಂದು ಹೊಗಳಿಕೆ. ಅವಳು ಆ ಅರ್ಧ ಮಾತನ್ನು ಹಾಳೆಯಲ್ಲಿ ಉಳಿಸಿದ್ದರೆ ಸಾಹೇಬರು ಕೆಂಪು ಗೆರೆ ಎಳೆಯಲೇಬೇಕಿತ್ತು, ಆ ಗೆರೆಯಾದರೂ ಕಡತದಲ್ಲಿ ಉಳಿಯುತ್ತಿತ್ತು ಅಂತ ಅವಳಿಗೆ ಹೊಳೆದದ್ದು ಆಗ.

ಐದು ವಾರ ಕಳೆಯಿತು. ಹಡಗಿನವರ ಹೆಂಡಂದಿರು ಸೇರಿ ಸಮಿತಿಗೆ ಒಂದು ಅರ್ಜಿ ಬರೆದರು. ಬರೆಸಿದವಳು ತಮ್ಮನ ಹೆಂಡತಿಯೇ. ಅತ್ತಿಗೆಗೆ ಒಂದು ಮಾತೂ ಹೇಳದೆ, ಹೊಲಿದ ಬಟ್ಟೆಯ ಗಂಟಿನ ಜೊತೆ ಅರ್ಜಿಯನ್ನೂ ಹಿಡಿದುಕೊಂಡು ಹೋಗಿ, ಗೇಟಿನ ಹತ್ತಿರ ನಿಂತು, ಮೇಷ್ಟ್ರ ಕೈಗೇ ಕೊಟ್ಟು ಬಂದಿದ್ದಳು. ಸಾಹೇಬರನ್ನು ಮತ್ತೆ ಕರೆಸಿದರು.

ಮೇಷ್ಟ್ರು ಕಾಗದ ಕೆಳಗಿಟ್ಟು ಹೇಳಿದರು. “ಅಧ್ಯಕ್ಷರೇ, ಹೋದ ಸಲ ಸಾಹೇಬ್ರು ಒಂದು ಮಾತು ಅಂದ ಹಾಗೆ ನೆನಪು. ಆ ದೇಶದವರು ಆಗಲೇ ಕಳಿಸ್ತೀವಿ ಅಂದಿದ್ರು ಅಂತ. ಐದು ವಾರದಿಂದ ಅದು ತಲೇಲಿ ಕೊರೀತಾ ಇದೆ.”

“ಅಂಥ ಮಾತು ನಾನು ಆಡಿಲ್ಲ” ಅಂದರು ಸಾಹೇಬರು, ಬೇಸರವೂ ಇಲ್ಲದ ಧ್ವನಿಯಲ್ಲಿ.

“ಯಂತ್ರದ ತಪ್ಪಿರಬೇಕು ಮೇಷ್ಟ್ರೇ, ಬ್ಯಾಟರಿ ಬದಲಾಯಿಸಿ” ಅಂದರು ಒಬ್ಬ ಸದಸ್ಯರು. ನಗು.

“ನಡಾವಳಿ ತರಿಸಿ” ಅಂದರು ಮೇಷ್ಟ್ರು. “ಪೆನ್ಸಿಲಕ್ಕನ ಕೈಯಿಂದ ಇರುವೆ ಕೂಡ ತಪ್ಪಿಸಿಕೊಂಡು ಹೋಗಲ್ಲ.”

ತಂದರು. ಮೇಷ್ಟ್ರು ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಪರಿಸ್ಥಿತಿ ಸುಲಭವಾಗಿಲ್ಲ. ಮಾತುಕತೆ ಪ್ರಗತಿಯಲ್ಲಿದೆ. ಹಾಳೆ ತಿರುಗಿಸಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು. ಅವರ ಕಿವಿಯ ತುದಿ ಕೆಂಪಾಯಿತು. “ಇರಬಹುದು. ಕ್ಷಮಿಸಿ ಸಾಹೇಬ್ರೇ. ವಯಸ್ಸಾಯ್ತು” ಅಂದರು.

ಆಗ ಬರೆಯುವ ಸರದಿ ಜೋಡಿಯದು. ಪೆನ್ಸಿಲಕ್ಕ ಪಕ್ಕದಲ್ಲಿ ಸುಮ್ಮನೆ ಕೂತಿದ್ದವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಹದಿಮೂರು ತಲೆಗಳೂ ತಿರುಗಿದವು. ಗೋಡೆಯ ಕಪಾಟು ಮಾತಾಡಿದ್ದರೂ ಅವರು ಅಷ್ಟು ಬೆಚ್ಚುತ್ತಿರಲಿಲ್ಲ.

“ಆಡಿದಾರೆ” ಅಂದಳು. “ಸಾಹೇಬ್ರು ಆ ಮಾತು ಆಡಿದಾರೆ ಸಾರ್. ಮೇಷ್ಟ್ರ ಕಿವಿ ಸರಿಯಾಗಿದೆ.”

ಜೋಡಿಯ ಪೆನ್ಸಿಲು ಕಾಗದದ ಮೇಲೆ ಓಡುತ್ತಿತ್ತು. ಅಧ್ಯಕ್ಷರು ಅವನ ಕಡೆ ಕೈ ಎತ್ತಿದರು. “ಇದನ್ನ ಬರ್ಕೋಬೇಡಿ.” ಪೆನ್ಸಿಲು ನಿಂತಿತು.

“ನಡಾವಳೀಲಿ ಯಾಕಿಲ್ಲಮ್ಮ?” ಅಧ್ಯಕ್ಷರ ಧ್ವನಿ ಮೆತ್ತಗಿತ್ತು, ಹಲ್ಲು ಕೀಳುವ ಮುಂಚಿನ ಧ್ವನಿ.

“ಅರ್ಧಕ್ಕೆ ನಿಲ್ಲಿಸಿದ್ರು ಸಾರ್. ಅರ್ಧ ಮಾತು ನಾವು ಹಾಕಲ್ಲ. ಪದ್ಧತಿ. ಆದ್ರೆ ನನ್ನ ನೋಟ್‌ಬುಕ್ಕಲ್ಲಿದೆ.”

ನೋಟ್‌ಬುಕ್ಕು ತರಿಸಿದರು. ದೊಡ್ಡ ಮೇಜಿನ ಮೇಲೆ ಆ ಪುಟ ಬಿಚ್ಚಿಟ್ಟರು. ಹದಿಮೂರು ಜನರೂ ಬಗ್ಗಿ ನೋಡಿದರು. ಕೊಕ್ಕೆಗಳು, ಗೀಟುಗಳು, ಬಾಲಗಳು, ಒಂದು ಸಣ್ಣ ಸೊನ್ನೆ. ಅವರೆಲ್ಲರ ಮಾತುಗಳು ಇಪ್ಪತ್ತಾರು ವರ್ಷ ಹೀಗೆ ಕಾಣುತ್ತಿದ್ದವು ಅಂತ ಅವರು ನೋಡಿದ್ದು ಅದೇ ಮೊದಲು.

“ಇದನ್ನ ಇನ್ನು ಯಾರು ಓದ್ತಾರೆ?” ಅಂತ ಅಧ್ಯಕ್ಷರು ಕೇಳಿ ಜೋಡಿಯ ಕಡೆ ನೋಡಿದರು. “ನಿಮಗೆ ಬರುತ್ತಾ?”

ಜೋಡಿ ಎದ್ದು ಬಂದ. ಪುಟ ನೋಡಿದ. ಪೆನ್ಸಿಲಕ್ಕನಿಗೆ ಜ್ವರ ಬಂದು ಮಲಗಿದ್ದಾಗ ಎರಡು ವಾರ ಅವಳ ನೋಟ್‌ಬುಕ್ಕು ಓದಿ ಟೈಪು ಮಾಡಿದವನು ಅವನೇ. ಅವನ ಕಣ್ಣು ಆ ಸಾಲಿನ ಮೇಲೆ ಹೋದದ್ದನ್ನೂ, ಸೊನ್ನೆಯ ಹತ್ತಿರ ನಿಂತದ್ದನ್ನೂ ಅವಳು ನೋಡಿದಳು. ಅವನು ಸಾಹೇಬರನ್ನು ನೋಡಿದ.

“ಒಬ್ಬೊಬ್ಬರ ಗುರುತು ಒಂದೊಂದು ಥರ ಸಾರ್. ಇನ್ನೊಬ್ಬರದು ಓದೋಕೆ ಬರಲ್ಲ.”

ದೊಡ್ಡ ಸಾಹೇಬರು ಆಗ ಅವಳ ಕಡೆ ತಿರುಗಿದರು. ತುಂಬ ಮರ್ಯಾದೆಯಿಂದ ಕೇಳಿದರು. “ಅಮ್ಮಾ, ತಪ್ಪು ತಿಳೀಬೇಡಿ. ಆ ಹಡಗಲ್ಲಿ ನಿಮ್ಮೋರು ಯಾರಾದ್ರೂ ಇದಾರಾ?”

“ತಮ್ಮ” ಅಂದಳು ಪೆನ್ಸಿಲಕ್ಕ.

ಅಲ್ಲಿಗೆ ಮುಗಿಯಿತು. ಕೋಣೆಯಲ್ಲಿ ‘ಅಯ್ಯೋ ಪಾಪ’ ಅನ್ನುವಂಥ ಒಂದು ಉಸಿರು ಓಡಾಡಿತು. ಯಾರೂ ಅವಳನ್ನು ಸುಳ್ಳಿ ಅನ್ನಲಿಲ್ಲ. ಅಂದಿದ್ದರೆ ಅವಳು ಜಗಳವಾಡುತ್ತಿದ್ದಳು. ಒಬ್ಬ ಸದಸ್ಯರು ಅವಳಿಗೆ ನೀರಿನ ಲೋಟ ಮುಂದೆ ಮಾಡಿದರು. ಮೇಷ್ಟ್ರು ಒಬ್ಬರೇ ಆ ಪುಟವನ್ನು ಬಿಟ್ಟು ತಲೆ ಎತ್ತಲಿಲ್ಲ, ತಮಗೆ ಬರದ ಲೆಕ್ಕದ ಮುಂದೆ ಕೂತವರ ಹಾಗೆ.

“ನಡಾವಳಿ ಅಂದ್ರೆ ಅಚ್ಚಾದ ನಡಾವಳಿ” ಅಂತ ಅಧ್ಯಕ್ಷರು ತೀರ್ಮಾನ ಹೇಳಿದರು. “ನೋಟ್‌ಬುಕ್ಕು ದಾಖಲೆ ಅಲ್ಲ. ನಿಮ್ಮ ಸಂಕಟ ನಮಗೆ ಅರ್ಥ ಆಗುತ್ತಮ್ಮ. ಸ್ವಲ್ಪ ದಿನ ರಜೆ ತಗೊಳ್ಳಿ.”

ಹೊರಗೆ ಹೋಗುವಾಗ ಜೋಡಿ ಬಾಗಿಲ ತನಕ ಬಂದ. “ಅಕ್ಕ, ನನಗೂ ಮನೆ ಇದೆ” ಅಂದ.

“ಗೊತ್ತಪ್ಪ” ಅಂದಳು ಅವಳು. “ನೀನು ಓದೋಕೆ ಬರಲ್ಲ ಅಂದೆ. ಪೂರ್ತಿ ಮಾತು ಆಡಿದೆ. ಅದನ್ನ ನಡಾವಳೀಲಿ ಹಾಕಬಹುದು.”

ರಜೆ ಮುಗಿಸಿ ಬಂದಾಗ ಅವಳ ಮೇಜು ಗ್ರಂಥಾಲಯದ ಹಿಂದಿನ ಕೋಣೆಗೆ ಹೋಗಿತ್ತು. ಹಳೆಯ ನಡಾವಳಿಗಳಿಗೆ ವಿಷಯಸೂಚಿ ಮಾಡುವ ಕೆಲಸ. ಸಮಿತಿಯ ವರದಿ ಆರನೆಯ ತಿಂಗಳಲ್ಲಿ ಅಲ್ಲಿಗೇ ಬಂತು. ನಲವತ್ತೆಂಟು ಪುಟ. ‘ಇಲಾಖೆಯ ಪ್ರಯತ್ನಗಳ ಬಗ್ಗೆ ಸಮಿತಿಗೆ ತೃಪ್ತಿಯಿದೆ, ಪ್ರಯತ್ನಗಳನ್ನು ಮುಂದುವರಿಸಲು ಶಿಫಾರಸು ಮಾಡುತ್ತದೆ.’ ಮೇಷ್ಟ್ರು ಒಬ್ಬರು ಒಪ್ಪಿಗೆ ಹಾಕಿರಲಿಲ್ಲ; ಹಿಂದುಗಡೆ ಅವರದು ಒಂದು ಪ್ಯಾರಾ ಇತ್ತು, ಸಣ್ಣ ಅಕ್ಷರದಲ್ಲಿ. ಪೆನ್ಸಿಲಕ್ಕ ಸೂಚಿಗೆ ಹಾಕಿದಳು: ನಾವಿಕರು, ಹದಿನೇಳು ಮಂದಿ, ನೋಡಿ ಪುಟ ಮೂವತ್ತೊಂದು.

ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿಕೊಂಡಿದ್ದಳು. ಹೇಳದೆ ಉಳಿಯುವುದಕ್ಕೆ ಇನ್ನು ಕಾರಣವೇ ಇರಲಿಲ್ಲ. ತಮ್ಮನ ಹೆಂಡತಿ ಅಳಲಿಲ್ಲ. ಹೊಲಿಗೆಯ ಅಂಚನ್ನು ಉಗುರಿನಿಂದ ತೀಡುತ್ತ ಕೇಳಿದಳು.

“ಅಂದ್ರೆ ಟೈಪು ಮಾಡೋವಾಗ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು ಕಣೆ.”

“ನಿಯತ್ತು ಕಾಪಾಡಿದ್ರಿ.”

“ಹೂಂ.”

“ಒಳ್ಳೇದಾಯ್ತು ಬಿಡಿ. ಅವರು ವಾಪಸು ಬರದಿದ್ರೆ ಅದನ್ನೇ ಮಡಚಿ ಅವರ ಪೆಟ್ಟಿಗೇಲಿ ಇಡೋಣ.”

ಆಮೇಲೆ ಅವರಿಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿ, ಒಂದೇ ಮೇಜಿನಲ್ಲಿ ಉಂಡು, ಬೇಕಾದಷ್ಟು ಮಾತ್ರ ಮಾತಾಡಿಕೊಂಡಿದ್ದರು. ಉಪ್ಪು ಕೊಡಿ. ಬಾಗಿಲು ಹಾಕಿ. ಅಷ್ಟೇ.

ಎಂಟನೆಯ ತಿಂಗಳು ಸುದ್ದಿ ಬಂತು. ಹದಿನೇಳು ಜನರಲ್ಲಿ ಒಬ್ಬ, ಇಂಜಿನ್ ಮನೆಯ ಹಿರಿಯ ಮೇಸ್ತ್ರಿ, ಜೈಲಿನಲ್ಲಿ ಜ್ವರ ಬಂದು ತೀರಿಹೋದ. ತಮ್ಮನಿಗೆ ಕೆಲಸ ಕಲಿಸಿದವನು ಅವನೇ.

ಹನ್ನೆರಡನೆಯ ತಿಂಗಳು ಕಳೆದು ಇನ್ನೆರಡು ತಿಂಗಳಾದ ಮೇಲೆ ಎರಡು ದೇಶಗಳೂ ಸಮುದ್ರದ ಗಡಿಗೆ ಸಹಿ ಹಾಕಿದವು. ಹದಿನಾರು ಜನರನ್ನು ಅದೇ ವಾರ ಬಿಟ್ಟರು. ದೊಡ್ಡ ಸಾಹೇಬರು ನಿವೃತ್ತರಾಗುತ್ತಿದ್ದರು. ಪತ್ರಿಕೆಯಲ್ಲಿ ಅವರ ದೊಡ್ಡ ಸಂದರ್ಶನ. ಅದರಲ್ಲಿ ಅವರೇ ಹೇಳಿಕೊಂಡಿದ್ದರು: ‘ಮೊದಲ ತಿಂಗಳಲ್ಲೇ ಅವರು ಬಿಡಲು ತಯಾರಿದ್ದರು. ನಾವೇ ಅವಸರ ಮಾಡಲಿಲ್ಲ. ಆಗ ಕರೆದುಕೊಂಡಿದ್ದರೆ ಅವರ ಹಂಗಿಗೆ ಬಿದ್ದು ಮಾತುಕತೆಯಲ್ಲಿ ಹನ್ನೆರಡು ಮೈಲಿ ನೀರು ಬಿಟ್ಟುಕೊಡಬೇಕಾಗುತ್ತಿತ್ತು. ತಾಳ್ಮೆಯೇ ರಾಜತಂತ್ರ.’ ಗುಟ್ಟಿನ ಕೋಣೆಯಲ್ಲಿ ನುಂಗಿದ ಮಾತನ್ನು ಈಗ ಫೋಟೋದ ಜೊತೆ ಅಚ್ಚು ಹಾಕಿಸಿದ್ದರು. ಹೆಮ್ಮೆಯ ಮಾತಾದ್ದರಿಂದ ನಡುವೆ ನೀರು ಬೇಕಾಗಿರಲಿಲ್ಲ.

ಆ ಬೆಳಿಗ್ಗೆ ಮೇಷ್ಟ್ರು ಗ್ರಂಥಾಲಯಕ್ಕೆ ಫೋನು ಮಾಡಿದರು. “ಅಮ್ಮಾ, ನನ್ನ ಕಿವಿ ಸರಿ ಇತ್ತಂತೆ.”

“ಹೌದು ಮೇಷ್ಟ್ರೇ.”

“ಸಮಿತೀಲಿ ಎತ್ತಿದೆ ಕಣಮ್ಮ. ಮುಗಿದ ವಿಷಯ ಅಂದ್ರು. ಗಮನಿಸಲಾಗಿದೆ ಅಂತ ಬರ್ಕೊಂಡ್ರು.” ಫೋನಿನೊಳಗೆ ಯಂತ್ರ ಕುಯ್ಯಿ ಅಂದಿತು. ಇಬ್ಬರೂ ಅದು ನಿಲ್ಲುವ ತನಕ ಕಾದರು. ಆಮೇಲೆ ಫೋನು ಇಟ್ಟರು.

ತಮ್ಮ ಮನೆಗೆ ಬಂದ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡ. ಹೆಂಡತಿ ಅವನ ಅಂಗಿಯ ಎದೆಯ ಭಾಗ ಹಿಡಿದು ನಿಂತವಳು ಎಷ್ಟು ಹೊತ್ತಾದರೂ ಬಿಡಲಿಲ್ಲ. ಅಕ್ಕ ಮಾತಾಡಿಸಿದಾಗ ಅವನು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಲಗಿವಿ ಕೊಟ್ಟ. ಎಡಗಿವಿ ಹೋಗಿತ್ತು.

ಮೂರು ದಿನ ಅವನು ಉಂಡ, ಮಲಗಿದ, ಕಿಟಕಿಯಲ್ಲಿ ಕೂತು ಕೆಳಗಿನ ಅಂಗಡಿಯ ಗಡಿಯಾರಗಳು ಒಂದರ ಹಿಂದೊಂದು ಹೊಡೆಯುವುದನ್ನು ಒಂದೇ ಕಿವಿಯಲ್ಲಿ ಕೇಳಿದ. ನಾಲ್ಕನೆಯ ದಿನ ಮಧ್ಯಾಹ್ನ, ಹೆಂಡತಿ ಬಟ್ಟೆ ಕೊಡುವುದಕ್ಕೆ ಆಸ್ಪತ್ರೆಗೆ ಹೋದಾಗ, ತಾನಾಗಿಯೇ ಶುರುಮಾಡಿದ.

“ಮೊದಲನೇ ತಿಂಗಳೇ ಒಬ್ಬ ಕಾವಲುಗಾರ ಹೇಳಿದ್ದ ಅಕ್ಕ. ನಿಮ್ಮನ್ನ ಕಳಿಸ್ತೀವಿ ಅಂದ್ರೆ ನಿಮ್ಮೋರೇ ಈಗ ಬೇಡ ಅಂತಿದಾರೆ ಅಂತ. ನಗ್ತಾ ಹೇಳ್ದ. ನನಗೆ ರೇಗಿಹೋಯ್ತು. ಸುಳ್ಳು ಬೊಗಳಬೇಡ ಅಂದೆ. ನಮ್ಮ ದೇಶದಲ್ಲಿ ಅದನ್ನೆಲ್ಲ ಕೂರಿಸಿ ಕೇಳೋಕೆ ಒಂದು ಸಮಿತಿ ಇದೆ, ಅದರಲ್ಲಿ ನಮ್ಮಕ್ಕ ಇದಾಳೆ, ಅಂಥ ಮಾತು ಯಾರಾದ್ರೂ ಆಡಿದ್ರೆ ನಮ್ಮಕ್ಕನ ಕೈ ಅದನ್ನ ಬರೀದೇ ಬಿಡಲ್ಲ ಅಂದೆ. ಅವನು ಇನ್ನೂ ನಕ್ಕ. ನಾನು ಕೈ ಮಾಡ್ದೆ.” ಎಡಗಿವಿಯನ್ನು ಮುಟ್ಟಿಕೊಂಡ. “ಆಗ ಹೋಗಿದ್ದು ಇದು.”

ಪೆನ್ಸಿಲಕ್ಕ ಬಲಗಡೆಗೆ ಬಂದು ಕೂತಳು.

“ನಿಜವಾಗ್ಲೂ ನೀನು ಆ ಕೋಣೇಲಿ ಇದ್ಯಾ?”

“ಇದ್ದೆ ಕಣೋ.”

“ಆ ಮಾತು ಆಡಿದ್ರಾ?”

ಅವಳು ಎದ್ದು ಹೋಗಿ, ಬಟ್ಟೆಗಳ ಕೆಳಗಿನಿಂದ ನೋಟ್‌ಬುಕ್ಕು ತಂದಳು. ವರ್ಷದ ಕೊನೆಯಲ್ಲಿ ಹಳೆಯ ನೋಟ್‌ಬುಕ್ಕುಗಳನ್ನು ಯಂತ್ರಕ್ಕೆ ಹಾಕಿ ಹರಿಯುವ ಹಿಂದಿನ ದಿನ, ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವಳು ಕದ್ದ ಒಂದೇ ವಸ್ತು ಅದು. ಪುಟ ಹುಡುಕಬೇಕಾಗಿರಲಿಲ್ಲ. ತಾನಾಗಿಯೇ ತೆರೆದುಕೊಂಡಿತು.

“ಓದು” ಅಂದ ತಮ್ಮ, ಒಳ್ಳೆಯ ಕಿವಿಯನ್ನು ಅವಳ ಕಡೆ ಮಾಡಿ.

ಅವಳು ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. “ಅವರು ಮೊದಲ ತಿಂಗಳಲ್ಲೇ ಕಳಿಸಿಕೊಡ್ತೀವಿ ಅಂದಾಗ ನಾವೇ ಸ್ವಲ್ಪ...”

ಬೆರಳು ಸೊನ್ನೆಯ ಹತ್ತಿರ ಬಂದು ನಿಂತಿತು.

“ಮುಂದೆ?” ಅಂದ ಅವನು.

“ಮುಂದೆ ನೀರು ಕುಡಿದ್ರು ಕಣೋ.”